ಸಣ್ಣ ಓವನ್, ದೊಡ್ಡ ಕಾದಂಬರಿಗಳು: ವರ್ಷಗಟ್ಟಲೆ ಬಳಸಿದ ಮೇಲೆ ಓಟಿಜಿ ಬಗ್ಗೆ ನನ್ನ ಅಭಿಪ್ರಾಯ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಮನೆಯಲ್ಲಿ ಬೇಕಿಂಗ್ ಪ್ರಯೋಗ ಮಾಡುವ ಹುಚ್ಚು ಇರುವವರಿಗೆ ಅಡುಗೆಕಟ್ಟೆಯ ಮೇಲಿಡುವ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ಲರ್ ಮೂರೂ ಸೇರಿದ ಸಣ್ಣ ಕರೆಂಟ್ ಓವನ್) ಧಾರಾಳವಾಗಿ ಸಾಕು. ಆದರೆ ಅದರ ಗುಂಡಿ ತೋರಿಸುವ ಡಿಗ್ರಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಒಳಗಿಡುವ ಒಂದು ಥರ್ಮಾಮೀಟರ್, ಒಂದು ಡಿಜಿಟಲ್ ತಕ್ಕಡಿ, ಇವೆರಡನ್ನೂ ಓವನ್ ಜೊತೆಗೇ ತಗೊಳ್ಳಿ. ಇನ್ನೊಂದು ಬೇಕಾಗುವುದು ಕಾಯುವ ಹೊತ್ತಿಗೆ ಒಂದು ಒಳ್ಳೆಯ ಕಾದಂಬರಿ. ನಾನು ಹಿಡಿಯುವುದು ಹೆಚ್ಚಾಗಿ ಹಳೆಯ ಮೇರುಕೃತಿಗಳನ್ನು ಈ ಕಾಲದವರು ಮತ್ತೆ ಹೇಳಿದ ಕಾದಂಬರಿಗಳನ್ನು. ಓವನ್ ವಿಮರ್ಶೆಯಲ್ಲಿ ಇದೆಲ್ಲ ಯಾಕೆ ಅಂದರೆ, ಈ ಎರಡು ಹವ್ಯಾಸ ನನ್ನಲ್ಲಿ ಒಟ್ಟಿಗೇ ಬೆಳೆದವು, ಒಂದನ್ನು ಬಿಟ್ಟು ಇನ್ನೊಂದರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ನನ್ನದು 30 ಲೀಟರ್ ಆಸುಪಾಸಿನ ಮಾಡೆಲ್. ಮೇಲೆ ಎರಡು ರಾಡ್, ಕೆಳಗೆ ಎರಡು ರಾಡ್, ಪಕ್ಕದಲ್ಲಿ ಒಂದು ಫ್ಯಾನ್, ಮುಂದೆ ಮೂರು ಗುಂಡಿ. ಸ್ಕ್ರೀನ್ ಇಲ್ಲ, ಆಪ್ ಇಲ್ಲ. ಕೇಕ್, ಬ್ರೆಡ್, ಕುಕೀಸ್ ಎಲ್ಲ ಇದರಲ್ಲೇ ಆಗುತ್ತದೆ.

ಈಗ ಗುಂಡಿಯ ವಿಷಯಕ್ಕೆ ಬರೋಣ, ಇಂಥ ಓವನ್ ಬಗ್ಗೆ ಬರುವ ಅರ್ಧ ದೂರುಗಳ ಮೂಲ ಅದೇ. ಗುಂಡಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ ಅಂದಮಾತ್ರಕ್ಕೆ ಒಳಗೆ 180 ಇರುವುದಿಲ್ಲ. ಈ ಓವನ್‌ಗಳ ಥರ್ಮೋಸ್ಟಾಟ್ ಒಳಗಿರುವುದು ಎರಡು ಬೇರೆ ಬೇರೆ ಲೋಹ ಸೇರಿಸಿ ಮಾಡಿದ ಪಟ್ಟಿ. ಬಿಸಿಯಾದಾಗ ಒಂದು ಲೋಹ ಇನ್ನೊಂದಕ್ಕಿಂತ ಜಾಸ್ತಿ ಹಿಗ್ಗುತ್ತದೆ, ಪಟ್ಟಿ ಬಾಗುತ್ತದೆ, ಕರೆಂಟ್ ಕಡಿದು ರಾಡ್ ಆರುತ್ತದೆ. ತಣ್ಣಗಾದರೆ ಪಟ್ಟಿ ಮತ್ತೆ ನೇರವಾಗಿ ರಾಡ್ ಹೊತ್ತಿಕೊಳ್ಳುತ್ತದೆ. ಹಾಗಾಗಿ ಒಳಗಿನ ಬಿಸಿ ಸದಾ ಏರುತ್ತಾ ಇಳಿಯುತ್ತಾ ಇರುತ್ತದೆ. ನನ್ನದರಲ್ಲಿ 180ಕ್ಕೆ ಇಟ್ಟರೆ ಒಳಗಿಟ್ಟ ಥರ್ಮಾಮೀಟರ್‌ನ ಮುಳ್ಳು 160ರಿಂದ 195ರ ನಡುವೆ ಓಡಾಡುತ್ತದೆ. ಇದು ಕೆಟ್ಟಿರುವ ಲಕ್ಷಣ ಅಲ್ಲ, ಯಂತ್ರ ಇರುವುದೇ ಹಾಗೆ. ಸರಾಸರಿ ಎಲ್ಲಿ ನಿಲ್ಲುತ್ತದೆ ಅನ್ನುವುದಷ್ಟೇ ಮುಖ್ಯ, ಅದು ಒಂದೊಂದು ಓವನ್‌ಗೆ ಒಂದೊಂದು ಥರ.

ಥರ್ಮಾಮೀಟರ್ ಇನ್ನೂ ತಂದಿಲ್ಲ ಅಂದರೆ ಸಕ್ಕರೆಯಲ್ಲಿ ಪರೀಕ್ಷೆ ಮಾಡಬಹುದು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಫಾಯಿಲ್ ಮೇಲೆ ಒಂದು ಚಮಚ ಸಕ್ಕರೆ ಹರಡಿ, ಚೆನ್ನಾಗಿ ಕಾದ ಓವನ್‌ನ ನಡುವಿನ ಹಂತದಲ್ಲಿಟ್ಟು, 175ರಲ್ಲಿ ಕಾಲು ಗಂಟೆ ಬಿಡಿ. ಕರಗಿದರೆ ನಿಮ್ಮ ಓವನ್ ತಾನು ಹೇಳುವುದಕ್ಕಿಂತ ಬಿಸಿ. 190ಕ್ಕೆ ಏರಿಸಿದರೂ ಸಕ್ಕರೆ ಹಾಗೇ ಕೂತಿದ್ದರೆ ಹೇಳುವುದಕ್ಕಿಂತ ತಣ್ಣಗಿದೆ.

ಕೆಂಪು ದೀಪ ಆರಿದ ತಕ್ಷಣ ಕೇಕ್ ಒಳಗಿಡುವುದೂ ಬೇಡ. ಆಗ ಗಾಳಿ ಮಾತ್ರ ಕಾದಿರುತ್ತದೆ, ಗೋಡೆ ಮತ್ತು ಟ್ರೇ ಇನ್ನೂ ಹಿಂದೆ ಇರುತ್ತವೆ. ಬಾಗಿಲು ತೆರೆದರೆ ಗಾಳಿಯ ಬಿಸಿ ಒಮ್ಮೆಲೇ ಹೊರಗೆ ಹೋಗುತ್ತದೆ, ಗೋಡೆ ಕಾದಿದ್ದರೆ ಮಾತ್ರ ಬೇಗ ವಾಪಸ್ ಬರುತ್ತದೆ. ನಾನು 15ರಿಂದ 20 ನಿಮಿಷ ಕಾಯಿಸುತ್ತೇನೆ.

ಹೊಸ ಓವನ್ ಬಂದರೆ ಅದರಲ್ಲಿ ಮೊದಲು ಏನು ಮಾಡಬೇಕು ಅಂತ ಕೇಳುವವರಿಗೆ ನನ್ನ ಉತ್ತರ ಯಾವಾಗಲೂ ಒಂದೇ, ಪೌಂಡ್ ಕೇಕ್. ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ, ನಾಲ್ಕೂ ಒಂದೇ ತೂಕ. 200 ಗ್ರಾಂ ಅಂದರೆ ನಾಲ್ಕೂ 200. ಶತಮಾನಗಳಿಂದ ನಡೆದು ಬಂದಿರುವ ಅಳತೆ ಇದು, ಹೆಸರು ಬಂದಿದ್ದೇ ಒಂದೊಂದು ಪೌಂಡ್ ಹಾಕುತ್ತಿದ್ದರು ಅಂತ. ಇದರಲ್ಲಿ ಅಡಗಿಕೊಳ್ಳಲು ಏನೂ ಇಲ್ಲ. ಓವನ್ ಹೇಗಿದೆಯೋ ಕೇಕ್ ಹಾಗೇ ಬರುತ್ತದೆ. ಬಿಸಿ ಜಾಸ್ತಿ ಇದ್ದರೆ ಅಂಚು ಮತ್ತು ಮೇಲ್ಪದರ ಬೇಗ ಗಟ್ಟಿಯಾಗುತ್ತದೆ, ಒಳಗಿನ ಹಿಟ್ಟು ಇನ್ನೂ ಉಬ್ಬುತ್ತಿರುತ್ತದೆ, ಕೊನೆಗೆ ನಡುವೆ ಬಿರುಕು ಬಿಟ್ಟು ಗೋಪುರದ ಹಾಗೆ ಏಳುತ್ತದೆ. 160ರಲ್ಲಿ ನಿಧಾನವಾಗಿ ಬೇಯಿಸಿದರೆ ಮೇಲ್ಭಾಗ ಸಮತಟ್ಟು. ನನ್ನ ಓವನ್‌ನಲ್ಲಿ ಹಿಂಬದಿಯ ಬಲ ಮೂಲೆ ಬೇಗ ಕಂದುತ್ತದೆ ಅಂತ ತಿಳಿದಿದ್ದೂ ಈ ಕೇಕ್‌ನಿಂದಲೇ. ಅರ್ಧ ಹೊತ್ತು ಕಳೆದ ಮೇಲೆ ಟಿನ್ ತಿರುಗಿಸಿಟ್ಟರೆ ಸರಿಹೋಗುತ್ತದೆ.

ಇದು ಕೈಗೆ ಕೂತ ಮೇಲೆ ಪ್ರಯೋಗ ಶುರು ಮಾಡಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಬೆಣ್ಣೆಯ ಜಾಗಕ್ಕೆ ಎಣ್ಣೆ ಹಾಕಬೇಕು ಅಂದುಕೊಳ್ಳಿ. ಬೆಣ್ಣೆಯಲ್ಲಿ ಕೊಬ್ಬು ನೂರಕ್ಕೆ ಸುಮಾರು 80 ಭಾಗ, ಉಳಿದಿದ್ದರಲ್ಲಿ ಮುಕ್ಕಾಲು ಪಾಲು ನೀರು. ಎಣ್ಣೆ ಪೂರ್ತಿ ಕೊಬ್ಬು. ಹಾಗಾಗಿ 200 ಗ್ರಾಂ ಬೆಣ್ಣೆಗೆ 160 ಗ್ರಾಂ ಎಣ್ಣೆ ಸಾಕು, ಮಿಕ್ಕಿದ್ದಕ್ಕೆ ಹಾಲು. ಆದರೆ ಅಲ್ಲಿಗೆ ಮುಗಿಯಲ್ಲ. ಬೆಣ್ಣೆ ಮತ್ತು ಸಕ್ಕರೆಯನ್ನು ಉಜ್ಜಿ ಉಜ್ಜಿ ಬೆಳ್ಳಗಾಗಿಸುವಾಗ ಅದರೊಳಗೆ ಗಾಳಿ ಸೇರುತ್ತದೆ, ಹಳೆಯ ಪೌಂಡ್ ಕೇಕ್ ಉಬ್ಬುತ್ತಿದ್ದುದು ಆ ಗಾಳಿಯಿಂದ. ಎಣ್ಣೆ ಹಾಗೆ ಗಾಳಿ ಹಿಡಿದಿಟ್ಟುಕೊಳ್ಳುವುದಿಲ್ಲ, ಅದಕ್ಕೆ ಬೇಕಿಂಗ್ ಪೌಡರ್ ಬೇಕಾಗುತ್ತದೆ. ಒಂದು ಸಾಮಾನು ಬದಲಾಯಿಸಿದರೆ ಅದು ಮಾಡುತ್ತಿದ್ದ ಕೆಲಸಗಳನ್ನೆಲ್ಲ ಇನ್ನೊಂದಕ್ಕೆ ವಹಿಸಬೇಕು. ಕೋಕೋ ವಿಷಯದಲ್ಲೂ ಹೀಗೇ. ಸಾದಾ ಕೋಕೋದಲ್ಲಿ ಹುಳಿ ಅಂಶ ಇದೆ, ಅಡುಗೆ ಸೋಡಾ ಜೊತೆ ಕೆಲಸ ಮಾಡುತ್ತದೆ. ಡಚ್ ಕೋಕೋದ ಹುಳಿ ತೆಗೆದಿರುತ್ತಾರೆ, ಬೇರೆ ಹುಳಿ ಹಾಕದೆ ಅದಕ್ಕೆ ಬರೀ ಸೋಡಾ ಹಾಕಿದರೆ ಕೇಕ್ ಸರಿಯಾಗಿ ಏಳುವುದಿಲ್ಲ, ಬಾಯಲ್ಲಿ ಸೋಡಾ ರುಚಿಯೂ ಉಳಿಯುತ್ತದೆ. ಇದೆಲ್ಲ ಕಪ್, ಚಮಚದ ಅಳತೆಯಲ್ಲಿ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗಲ್ಲ. ತಕ್ಕಡಿ ಬೇಕು ಅನ್ನುವುದು ಅದಕ್ಕೇ.

ನಾನು ಕಾದಂಬರಿಗಳಲ್ಲಿ ಹುಡುಕುವುದೂ ಇದನ್ನೇ. ಮೂಲದ ಅಸ್ಥಿಪಂಜರ ಮುಟ್ಟದೆ, ಒಂದೇ ಒಂದು ಕಡೆ ಕೈಹಾಕಿ, ಅದರಿಂದ ಉಳಿದಿದ್ದೆಲ್ಲ ಹೇಗೆ ಬದಲಾಗುತ್ತದೆ ಅಂತ ಕೊನೆಯವರೆಗೂ ಲೆಕ್ಕ ಇಡುವವರು ನನಗೆ ಇಷ್ಟ. 1847ರ 'ಜೇನ್ ಏರ್'ನಲ್ಲಿ ಅಟ್ಟದ ಮೇಲೆ ಕೂಡಿಹಾಕಿದ ಹುಚ್ಚಿ ಹೆಂಡತಿಗೆ ಮಾತೇ ಇಲ್ಲ. ಜೀನ್ ರೀಸ್ 1966ರಲ್ಲಿ 'ವೈಡ್ ಸಾರ್ಗಾಸೊ ಸೀ' ಬರೆದಾಗ ಆ ಹೆಂಗಸಿಗೆ ಕೆರಿಬಿಯನ್‌ನ ಒಂದು ಬಾಲ್ಯ ಕೊಟ್ಟರು, ಸ್ವಂತ ಹೆಸರು ಕೊಟ್ಟರು, ಆ ಹೆಸರನ್ನು ಗಂಡ ಕಿತ್ತುಕೊಳ್ಳುವುದನ್ನೂ ತೋರಿಸಿದರು. ಅದನ್ನು ಓದಿದ ಮೇಲೆ ಮೂಲ ಕಾದಂಬರಿಯನ್ನು ಮತ್ತೆ ತೆರೆದರೆ ಅಟ್ಟದಿಂದ ಬರುವ ನಗು ಬೇರೆಯೇ ಕೇಳಿಸುತ್ತದೆ. ಪರ್ಸಿವಲ್ ಎವರೆಟ್ ಅವರ 2024ರ 'ಜೇಮ್ಸ್' ಕೂಡ ಅಂಥದ್ದೇ. ಮಾರ್ಕ್ ಟ್ವೇನ್ ಅವರ 'ಹಕಲ್‌ಬೆರಿ ಫಿನ್' ಕಾದಂಬರಿಯ ನದಿ, ತೆಪ್ಪ ಎಲ್ಲ ಇದೆ, ಆದರೆ ಕಥೆ ಹೇಳುವವನು ಗುಲಾಮ ಜಿಮ್. ಬಿಳಿಯರ ಮುಂದೆ ಒಂದು ಥರ, ತಮ್ಮವರ ನಡುವೆ ಇನ್ನೊಂದು ಥರ ಮಾತಾಡುವುದನ್ನು ಅವನು ಮಕ್ಕಳಿಗೆ ಪಾಠದ ಹಾಗೆ ಕಲಿಸುತ್ತಾನೆ. ಆ ಭಾಗವನ್ನು ಆಡಿಯೋದಲ್ಲಿ ಕೇಳುವಾಗ ನಾನು ಹಿಟ್ಟು ನಾದುವುದನ್ನು ನಿಲ್ಲಿಸಿ ನಿಂತುಬಿಟ್ಟಿದ್ದೆ.

ನಮ್ಮ ಭಾಷೆಯಲ್ಲಿ ಭೈರಪ್ಪನವರ 'ಪರ್ವ' ಇದ್ದೇ ಇದೆ, 1979ರದ್ದು. ಮಹಾಭಾರತದಿಂದ ಪವಾಡಗಳನ್ನು ತೆಗೆದು, ವರ, ಶಾಪಗಳ ಜಾಗದಲ್ಲಿ ಮನುಷ್ಯರ ಕಾರಣಗಳನ್ನು ಇಟ್ಟು ನೋಡಿದ ಕಾದಂಬರಿ. ತೆಗೆದಿದ್ದು ಒಂದೇ ಅನ್ನಿಸಬಹುದು. ಆದರೆ ಅದೊಂದು ಹೋದ ಮೇಲೆ ಕುಂತಿಗೆ, ದ್ರೌಪದಿಗೆ, ಭೀಮನಿಗೆ ತಮ್ಮ ಬದುಕಿನ ಲೆಕ್ಕವನ್ನು ತಾವೇ ಒಪ್ಪಿಸಬೇಕಾಗುತ್ತದೆ, ಅವರ ನೆನಪುಗಳೇ ಕಥೆ ನಡೆಸುತ್ತವೆ. ಉದ್ದದ ಬೇಕಿಂಗ್ ಇರುವ ದಿನಕ್ಕೆ ಇದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಸಿಕ್ಕಿಲ್ಲ.

ಕಾಲ, ಊರು, ಹೆಸರು ಎಲ್ಲ ಬದಲಾಯಿಸಿ ಗೆದ್ದವರೂ ಇದ್ದಾರೆ. ಬಾರ್ಬರಾ ಕಿಂಗ್‌ಸಾಲ್ವರ್ ಅವರು ಡಿಕನ್ಸ್ ಬರೆದ 'ಡೇವಿಡ್ ಕಾಪರ್‌ಫೀಲ್ಡ್' ಕಥೆಯನ್ನು ಅಮೆರಿಕದ ಅಪಲಾಚಿಯ ಬೆಟ್ಟಸೀಮೆಗೆ ತಂದು 2022ರಲ್ಲಿ 'ಡೀಮನ್ ಕಾಪರ್‌ಹೆಡ್' ಬರೆದರು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಡಿಕನ್ಸ್ ಕಾಲದ ಬಾಲಕಾರ್ಮಿಕರ ಕಾರ್ಖಾನೆ ಇದ್ದ ಕಡೆ ಇಲ್ಲಿ ಅನಾಥ ಮಕ್ಕಳನ್ನು ಮನೆಯಿಂದ ಮನೆಗೆ ಸಾಗಿಸುವ ವ್ಯವಸ್ಥೆ, ನೋವಿನ ಮಾತ್ರೆಗಳ ಚಟ. ಇದು ಯಾಕೆ ಗೆಲ್ಲುತ್ತದೆ ಅಂದರೆ ಮಗುವನ್ನು ಬಡತನ ಹೇಗೆ ನುಂಗುತ್ತದೆ ಅನ್ನುವ ಮೂಲದ ಸಿಟ್ಟು ಹಾಗೇ ಇದೆ. ಅದಿಲ್ಲದೆ ಪಾತ್ರಗಳ ಕೈಗೆ ಸುಮ್ನೆ ಮೊಬೈಲ್ ಕೊಟ್ಟು, ಹೆಸರು ತಿರುಚಿ ಬರೆದ ಪುಸ್ತಕಗಳೂ ಬೇಕಾದಷ್ಟಿವೆ. ಅವು ನನಗೆ ಅರ್ಧಕ್ಕಿಂತ ಮುಂದೆ ಹೋಗುವುದಿಲ್ಲ.

ಬ್ರೆಡ್ ಮಾಡುವವರಿಗೆ ಈ ಓವನ್ ಹೇಗೆ? ಒಂದು ಮುಖ್ಯ ಕೊರತೆ ಇದೆ. ಬ್ರೆಡ್‌ನ ಮೇಲ್ಪದರ ಗರಿಗರಿಯಾಗಿ ಬರಬೇಕಾದರೆ ಮೊದಲ ಸ್ವಲ್ಪ ಹೊತ್ತು ಒಳಗೆ ಹಬೆ ಇರಬೇಕು, ಓಟಿಜಿಯಲ್ಲಿ ಹಬೆ ನಿಲ್ಲುವುದಿಲ್ಲ, ಬಾಗಿಲ ಸಂದಿಯಿಂದ ಹೊರಟುಹೋಗುತ್ತದೆ. ಇದಕ್ಕೆ ದಾರಿ ಮುಚ್ಚಳವಿರುವ ದಪ್ಪ ಕಬ್ಬಿಣದ ಪಾತ್ರೆ. ನ್ಯೂಯಾರ್ಕ್‌ನ ಬೇಕರ್ ಜಿಮ್ ಲೇಹಿ ಅವರ ನಾದದೆ ಮಾಡುವ ಬ್ರೆಡ್ 2006ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದು ಮನೆಮನೆಗೂ ಹೋಗಿದ್ದು ಈ ಉಪಾಯದಿಂದಲೇ, ಹಿಟ್ಟಿನ ನೀರೇ ಪಾತ್ರೆಯೊಳಗೆ ಹಬೆಯಾಗುತ್ತದೆ. ನಾನು ಹಾಕುವುದು 400 ಗ್ರಾಂ ಹಿಟ್ಟು, 300 ಗ್ರಾಂ ನೀರು, 8 ಗ್ರಾಂ ಉಪ್ಪು, ಚಿಟಿಕೆ ಯೀಸ್ಟ್. ಕಲಸಿ ಮುಚ್ಚಿಟ್ಟರೆ 12ರಿಂದ 18 ಗಂಟೆ ಅದರ ಪಾಡಿಗೆ ಅದು ಹುದುಗುತ್ತದೆ. ಆಮೇಲೆ ಮಡಚಿ ಇನ್ನೆರಡು ಗಂಟೆ. ಖಾಲಿ ಪಾತ್ರೆಯನ್ನು 230ರಲ್ಲಿ ಅರ್ಧ ಗಂಟೆ ಕಾಯಿಸಿ, ಹಿಟ್ಟು ಹಾಕಿ, ಮುಚ್ಚಳದೊಂದಿಗೆ ಅರ್ಧ ಗಂಟೆ, ಮುಚ್ಚಳ ತೆಗೆದು ಕಾಲು ಗಂಟೆ. ಬ್ರೆಡ್ ಹೊರಗೆ ತೆಗೆದಾಗ ಮೇಲ್ಪದರ ಚಟಪಟ ಅಂತ ಸದ್ದು ಮಾಡುತ್ತದೆ, ಅದು ತಣ್ಣಗಾಗುತ್ತಾ ಬಿರುಕು ಬಿಡುವ ಸದ್ದು. ಪಾತ್ರೆ ಕೊಳ್ಳುವ ಮುಂಚೆ ಮುಚ್ಚಳದ ಹಿಡಿಯೂ ಸೇರಿ ಎತ್ತರ ಅಳೆಯಿರಿ. ಮೇಲಿನ ರಾಡ್‌ಗೆ ತಾಗಬಾರದು. ಹಿಡಿ ಪ್ಲಾಸ್ಟಿಕ್‌ದಾಗಿದ್ದರೆ ಎಷ್ಟು ಡಿಗ್ರಿ ತಡೆಯುತ್ತದೆ ಅಂತಲೂ ನೋಡಿ.

ದೂರುಗಳಲ್ಲಿ ಮೊದಲನೆಯದು ಫ್ಯಾನ್ ಸದ್ದು. ಶುರುವಿನಲ್ಲಿ ಸುಮಾರಾಗಿತ್ತು, ಈಗ ಗೊರಗೊರ ಅನ್ನುತ್ತದೆ. ಕೈಯೆಲ್ಲ ಹಿಟ್ಟಾಗಿರುವಾಗ ನಾನು ಪುಸ್ತಕ ಓದುವುದಿಲ್ಲ, ಆಡಿಯೋ ಕೇಳುತ್ತೇನೆ, ಫ್ಯಾನ್ ಹಾಕಿದರೆ ಮೆಲುದನಿಯ ಮಾತು ಒಂದೂ ಕಿವಿಗೆ ಬೀಳಲ್ಲ. ಅದಕ್ಕೇ ಕುಕೀಸ್‌ಗೆ ಮಾತ್ರ ಫ್ಯಾನ್, ಕೇಕ್‌ಗೆ ಬರೀ ಮೇಲೆ ಕೆಳಗಿನ ರಾಡ್. ಫ್ಯಾನ್ ಹಾಕಿದರೆ ರೆಸಿಪಿಯಲ್ಲಿ ಹೇಳಿದ್ದಕ್ಕಿಂತ 20 ಡಿಗ್ರಿ ಕಡಿಮೆ ಇಡಿ. ಟೈಮರ್ ಸ್ಪ್ರಿಂಗ್‌ನದ್ದು, 10 ನಿಮಿಷಕ್ಕಿಂತ ಕಡಿಮೆ ಇಡುವುದಾದರೆ ಮೊದಲು ಮುಂದಕ್ಕೆ ತಿರುಗಿಸಿ ಆಮೇಲೆ ಹಿಂದಕ್ಕೆ ತರಬೇಕು, ಇಲ್ಲದಿದ್ದರೆ ನಡುವೆಯೇ ನಿಂತುಬಿಡುತ್ತದೆ. ಕುಕೀಸ್‌ನಂಥ ಸೂಕ್ಷ್ಮ ಕೆಲಸಕ್ಕೆ ನಾನು ಫೋನಿನ ಟೈಮರ್ ಇಡುತ್ತೇನೆ. ಹೊರಮೈ ಮತ್ತು ಗಾಜು ಸುಡುವಷ್ಟು ಬಿಸಿಯಾಗುತ್ತವೆ, ಗೋಡೆಗೆ ಒತ್ತಿ ಇಡಬೇಡಿ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇನ್ನೂ ಜಾಗ್ರತೆ.

ಬೇಸರ ತಂದಿದ್ದು ಸರ್ವಿಸ್. ವಾರಂಟಿ ಮುಗಿದ ಮೇಲೆ ಕೆಳಗಿನ ಒಂದು ರಾಡ್ ಹೋಯಿತು. ಕಂಪನಿಯವರು ಆ ಭಾಗ ಸಿಗುವುದಿಲ್ಲ, ಹೊಸ ಓವನ್ ತಗೊಳ್ಳಿ ಅಂದುಬಿಟ್ಟರು. ಕೊನೆಗೆ ಕರೆಂಟ್ ಸಾಮಾನು ರಿಪೇರಿ ಮಾಡುವವರೊಬ್ಬರು ಅದೇ ಉದ್ದದ, ಅದೇ ವ್ಯಾಟ್‌ನ ರಾಡ್ ತಂದು ಹಾಕಿಕೊಟ್ಟರು, ಇವತ್ತಿಗೂ ಕೆಲಸ ಮಾಡುತ್ತಿದೆ. ಒಂದು ರಾಡ್‌ಗೋಸ್ಕರ ಇಡೀ ಯಂತ್ರ ಎಸೆಯಿರಿ ಅನ್ನುವುದು ಸರಿಯಲ್ಲ, ಅಲ್ವಾ? ಕೊಳ್ಳುವಾಗಲೇ ರಾಡ್, ಬಾಗಿಲಿನ ಸ್ಪ್ರಿಂಗ್, ಥರ್ಮೋಸ್ಟಾಟ್ ಬಿಡಿಯಾಗಿ ಸಿಗುತ್ತವಾ ಅಂತ ಕೇಳಿ.

ಒಟ್ಟಿಗೆ ಎರಡು ಮೂರು ಟ್ರೇ ಬೇಯಿಸಬೇಕಾದವರಿಗೆ, ಮಾರಾಟಕ್ಕೆ ಮಾಡುವವರಿಗೆ ಇದು ಸಾಲದು. ಮನೆಮಟ್ಟಿನ ಪ್ರಯೋಗಕ್ಕೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ, ಕಡಿದ ಒಂದು ಅಂಕ ಪೂರ್ತಿ ಸರ್ವಿಸ್‌ಗೆ. ಫ್ಯಾನ್ ಆಫ್ ಮಾಡಲು ಬೇರೆ ಸ್ವಿಚ್ ಇರುವ ಮಾಡೆಲ್ ಸಿಕ್ಕರೆ ಅದನ್ನೇ ತಗೊಳ್ಳಿ. ಮೊದಲ ಪೌಂಡ್ ಕೇಕ್ ಹೇಗೆ ಬಂತು ಅಂತ ಬರೆಯಿರಿ, ಓವನ್ ಕಾಯುತ್ತಿರುವಾಗ ಯಾವ ಪುಸ್ತಕ ಹಿಡಿದಿದ್ದಿರಿ ಅಂತಲೂ ತಿಳಿಸಿ.