ದಾವಣಗೆರೆ ನೀರಿಗೆ ಯಾವ ಎಲೆ ಚಹಾ? ಡಾರ್ಜಿಲಿಂಗ್, ಅಸ್ಸಾಂ, ನೀಲಗಿರಿ ಅಕ್ಕಪಕ್ಕ ಇಟ್ಟು ನೋಡಿದಾಗ

ಹಾಲು ಸಕ್ಕರೆ ಇಲ್ಲದೆ ಕುಡಿಯುವಂಥ ಒಳ್ಳೆಯ ಎಲೆ ಚಹಾ ಬೇಕು ಅಂತ ಹೊರಟವರು ಮೊದಲು ತರಿಸೋದು ಡಾರ್ಜಿಲಿಂಗ್. ಹೆಸರೂ ದೊಡ್ಡದು, ಬೆಲೆಯೂ ದೊಡ್ಡದು. ಮನೆಯ ಬೋರ್ ನೀರು ಕುದಿಸಿ, ಎಲೆ ಹಾಕಿ, ಐದಾರು ನಿಮಿಷ ಬಿಟ್ಟು ಒಂದು ಗುಟುಕು ಕುಡಿದ ಮೇಲೆ ‘ಇದಕ್ಕಿಂತ ಮಂಡಿಪೇಟೆಯಲ್ಲಿ ಕಟ್ಟಿಸಿದ ಪುಡಿಯೇ ವಾಸಿ’ ಅನಿಸುತ್ತೆ. ಹಾಗೆ ಮಾಡಿದ ಚಹಾ ನಿಜಕ್ಕೂ ಚೆನ್ನಾಗಿರೋದಿಲ್ಲ. ನೀರು, ಶಾಖ, ಹೊತ್ತು ಮೂರೂ ಅಲ್ಲಿ ಎಲೆಗೆ ಎದುರಾಗಿ ಕೂತಿವೆ.

ಡಾರ್ಜಿಲಿಂಗ್ ಫಸ್ಟ್ ಫ್ಲಶ್ (ವರ್ಷದ ಮೊದಲ ಕೊಯ್ಲು), ಡಾರ್ಜಿಲಿಂಗ್ ಸೆಕೆಂಡ್ ಫ್ಲಶ್ (ಎರಡನೇ ಕೊಯ್ಲು), ಅಸ್ಸಾಂ ಆರ್ಥೊಡಾಕ್ಸ್ (ಅರೆದು ಕಾಳು ಮಾಡದೆ ಹೊಸೆದು ಒಣಗಿಸಿದ ಎಲೆ), ನೀಲಗಿರಿಯ ಚಳಿಗಾಲದ ಎಲೆ, ಈ ನಾಲ್ಕನ್ನು ನಲ್ಲಿ ನೀರು, ಬೋರ್ ನೀರು, ಆರ್‌ಒ ನೀರಿನಲ್ಲಿ ಮಾಡಿ ಕುಡಿದು ಬರೆದ ಹೋಲಿಕೆ ಇದು. ಸಿಟಿಸಿ ಪುಡಿಯನ್ನು ಸಾಲಿಗೆ ಸೇರಿಸಿಲ್ಲ. ಎಲೆಯನ್ನು ಹಲ್ಲಿನ ರೋಲರ್‌ಗಳ ನಡುವೆ ಅರೆದು, ಹರಿದು, ಕಾಳು ಮಾಡುವ ಆ ವಿಧಾನ ಹುಟ್ಟಿದ್ದೇ ಬೇಗ ಬಣ್ಣ, ಬೇಗ ಖಡಕ್ ಬರಲಿ ಅಂತ. ಹಾಲು ಹಾಕಿ ಕುದಿಸುವ ಚಾಕ್ಕೆ ಅದೇ ಸರಿ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನ ಪುಡಿ ಆ ಕೆಲಸವನ್ನು ಚೆನ್ನಾಗಿ ಮಾಡುತ್ತೆ. ಆದರೆ ಪರಿಮಳ ಹುಡುಕಿಕೊಂಡು ಹೋಗುವವರಿಗೆ ಅದರಲ್ಲಿ ಸಿಗೋದು ಕಡಿಮೆ.

ಕಪ್ಪಿನಲ್ಲಿ ನೂರಕ್ಕೆ 99 ಪಾಲಿಗೂ ಮೇಲೆ ಇರೋದು ನೀರು. ದಾವಣಗೆರೆ ನಲ್ಲಿಗೆ ತುಂಗಭದ್ರಾ ಹೊಳೆಯಿಂದಲೂ ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆಯಿಂದಲೂ ನೀರು ಬರುತ್ತೆ. ಚಿತ್ರದುರ್ಗಕ್ಕೆ ಶಾಂತಿಸಾಗರದ್ದು, ವಾಣಿವಿಲಾಸ ಸಾಗರದ್ದು. ಇವೆಲ್ಲ ಕೆರೆ-ಹೊಳೆ ನೀರು, ಬೋರ್ ನೀರಿಗೆ ಹೋಲಿಸಿದರೆ ಮೆದು. ಬೋರ್ ನೀರಿಗೆ ಟಿಡಿಎಸ್ ಮೀಟರ್ (ಲೀಟರ್ ನೀರಿನಲ್ಲಿ ಕರಗಿದ ಲವಣ ಎಷ್ಟು ಮಿಲಿಗ್ರಾಂ ಅಂತ ತೋರಿಸುವ ಉಪಕರಣ) ಅದ್ದಿದರೆ ಎಷ್ಟೋ ಬಡಾವಣೆಗಳಲ್ಲಿ 500 ದಾಟುತ್ತೆ. ಅಂಥ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿರುವುದರಿಂದ ನೀರು ಕ್ಷಾರದ ಕಡೆ ವಾಲಿರುತ್ತೆ. ಚಹಾಕ್ಕೆ ಕೆಂಬಣ್ಣ ಕೊಡುವ ಥಿಯಾರುಬಿಜಿನ್, ಹೊಳಪು ಮತ್ತು ಚುರುಕು ಕೊಡುವ ಥಿಯಾಫ್ಲೇವಿನ್ ಎರಡೂ ಅದರಲ್ಲಿ ಕಂದುಗಟ್ಟಿ ಮಂಕಾಗುತ್ತವೆ. ಎರಡು ಮೂರು ನಿಮಿಷ ಬಿಟ್ಟರೆ ಮೇಲೆ ತೆಳ್ಳಗೆ ಪೊರೆ ಕಟ್ಟಿ, ಕಪ್ಪು ಓರೆ ಮಾಡಿದಾಗ ಬಿರುಕು ಬಿಟ್ಟು ಅಂಚಿಗೆ ಅಂಟಿಕೊಳ್ಳುತ್ತೆ. ಅದು ಕ್ಯಾಲ್ಸಿಯಂ ಮತ್ತು ಒಗರು ಕೊಡುವ ಚಹಾದ ಪಾಲಿಫಿನಾಲ್‌ಗಳು ಗಾಳಿ ತಾಗಿ ಸೇರಿಕೊಂಡದ್ದು. ಎಲೆ ಕಳಪೆ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮೊದಲು ಕಪ್ಪಿಗೆ ಎರಡು ಹನಿ ನಿಂಬೆ ರಸ ಬಿಟ್ಟು ನೋಡಿ. ಪೊರೆ ಮಾಯವಾಗಿ ಬಣ್ಣ ತಿಳಿಯಾದರೆ ನೀರನ್ನು ಸರಿಮಾಡಿಕೊಳ್ಳಬೇಕು ಅಂತಲೇ ಅರ್ಥ.

ಹಾಗಂತ ಬರೀ ಆರ್‌ಒ ನೀರೂ ಒಳ್ಳೆಯದಲ್ಲ. ಟಿಡಿಎಸ್ 30ರ ಆಸುಪಾಸಿನ ನೀರಿನಲ್ಲಿ ಬಣ್ಣವೇನೋ ಹೊಳೆಯುತ್ತೆ, ಆದರೆ ಬಾಯಲ್ಲಿ ತೂಕವಿಲ್ಲ, ಒಗರು ಮಾತ್ರ ಮುಂದೆ ಬಂದು ನಿಲ್ಲುತ್ತೆ. ನಮಗೆ ಸರಿ ಕಂಡದ್ದು 100ರಿಂದ 130ರ ನಡುವಿನದು. 600 ಇರುವ ಬೋರ್ ನೀರು ಒಂದು ಲೋಟಕ್ಕೆ 30 ಇರುವ ಆರ್‌ಒ ಐದು ಲೋಟ ಬೆರೆಸಿದರೆ 125 ಆಗುತ್ತೆ. ನಲ್ಲಿ ನೀರು 200 ತೋರಿಸಿದರೆ ಅರ್ಧಕ್ಕರ್ಧ ಸಾಕು. ಆರ್‌ಒ ಇಲ್ಲದ ಮನೆಯಲ್ಲಿ ನೀರನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಆರಲು ಬಿಟ್ಟು, ತಳದ ಬಿಳಿ ಗಸಿ ಕಲಕದಂತೆ ಮೇಲಿನದನ್ನು ಬಸಿದುಕೊಂಡು ಮತ್ತೆ ಕಾಯಿಸಿ. ಬೈಕಾರ್ಬೊನೇಟ್ ತಂದ ತಾತ್ಕಾಲಿಕ ಗಡಸುತನ ಇಳಿಯುತ್ತೆ. ಸಲ್ಫೇಟ್, ಕ್ಲೋರೈಡ್‌ನಿಂದ ಬಂದ ಗಡಸುತನ ಇದಕ್ಕೆ ಜಗ್ಗೋದಿಲ್ಲ.

ಕುದಿಯುವ ಶಾಖದ ಲೆಕ್ಕವೂ ಇಲ್ಲಿ ಬೇರೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತೆ. ಚಿತ್ರದುರ್ಗದಲ್ಲಿ ಇನ್ನರ್ಧ ಡಿಗ್ರಿ ಕಡಿಮೆ. ಸುಮಾರು 2,000 ಮೀಟರ್ ಎತ್ತರದ ಡಾರ್ಜಿಲಿಂಗ್ ಊರಿನಲ್ಲಿ ಅದು 93ಕ್ಕೇ ಕುದಿಯುತ್ತೆ. ಅಲ್ಲಿಯವರು ಕುದಿನೀರು ಹೊಯ್ದು ಮಾಡುವುದನ್ನು ಇಲ್ಲಿ ಹಾಗೇ ಮಾಡಿದರೆ ಐದು ಡಿಗ್ರಿ ಹೆಚ್ಚಾಯಿತು. ಫಸ್ಟ್ ಫ್ಲಶ್‌ನಂಥ ಎಳೆ ಎಲೆಗೆ ಅಷ್ಟು ಸಾಕು, ಕಹಿ ಮೇಲೆ ಬರುತ್ತೆ.

ಹೋಲಿಸಿ ನೋಡುವವರು ಅಳತೆಯನ್ನು ಕಣ್ಣಂದಾಜಿಗೆ ಬಿಡಬಾರದು. ಒಂದು ಟೀ ಚಮಚ ಡಾರ್ಜಿಲಿಂಗ್ ಎಲೆ ಉಬ್ಬಿಕೊಂಡು ಕೂತು 2 ಗ್ರಾಂ ಕೂಡ ತೂಗದಿರಬಹುದು, ಅದೇ ಚಮಚ ಸಿಟಿಸಿ 3 ಗ್ರಾಂ ಹತ್ತಿರ ಬರುತ್ತೆ. 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಇಟ್ಟುಕೊಳ್ಳಿ. ಚಹಾ ರುಚಿ ನೋಡಿ ಪರೀಕ್ಷಿಸುವವರ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 3103 ಹೇಳೋದು 100 ಮಿಲಿ ನೀರಿಗೆ 2 ಗ್ರಾಂ, 6 ನಿಮಿಷ. ಅದು ದೋಷ ಹುಡುಕುವ ಅಳತೆ. ಅಷ್ಟು ಖಡಕ್ಕಾಗಿ ಮಾಡಿದಾಗ ಎಲೆಯ ಕೊರತೆ ಯಾವುದೂ ಅಡಗಿ ಕೂರೋದಿಲ್ಲ. ಕುಡಿಯಲು 200 ಮಿಲಿಗೆ 2.5 ಗ್ರಾಂ. ಪಾತ್ರೆಯನ್ನು ಬಿಸಿನೀರಲ್ಲಿ ಒಮ್ಮೆ ತೊಳೆದು ಬೆಚ್ಚಗೆ ಮಾಡಿಕೊಳ್ಳಿ; ತಣ್ಣನೆಯ ಪಿಂಗಾಣಿ ಹಲವು ಡಿಗ್ರಿ ಶಾಖ ಕುಡಿದುಬಿಡುತ್ತೆ. ಸರಪಳಿ ಕಟ್ಟಿದ ತೂತುತೂತಿನ ಗುಂಡಿನೊಳಗೆ (ಟೀ ಬಾಲ್) ಎಲೆ ತುರುಕಬೇಡಿ, ಬಿಚ್ಚಿಕೊಳ್ಳಲು ಜಾಗವಿಲ್ಲದೆ ನಡುವಿನ ಎಲೆ ಹಾಗೇ ಉಳಿಯುತ್ತೆ. ಅಗಲ ಜಾಲರಿ ಬುಟ್ಟಿ ಇಲ್ಲವೇ ಪಾತ್ರೆಗೇ ಎಲೆ ಹಾಕಿ ಸೋಸುವುದು ಮೇಲು. ಒಳಬದಿ ಬಿಳಿಯಾಗಿರುವ ಕಪ್ಪು ಬೇಕು, ಸ್ಟೀಲ್ ಲೋಟದಲ್ಲಿ ಬಣ್ಣ ಗೊತ್ತಾಗೋದಿಲ್ಲ.

ತಿಳಿಯಿಂದ ಖಡಕ್ ಕಡೆಗೆ ಸಾಗಿ: ಫಸ್ಟ್ ಫ್ಲಶ್, ನೀಲಗಿರಿ, ಸೆಕೆಂಡ್ ಫ್ಲಶ್, ಕೊನೆಗೆ ಅಸ್ಸಾಂ. ಮಂಡಕ್ಕಿ-ಮಿರ್ಚಿ ತಿಂದು ಒಂದು ತಾಸಾದರೂ ಆಗಿರಲಿ. ಮೆಣಸಿನಕಾಯಿಯ ಖಾರ ನಾಲಿಗೆಯನ್ನು ಮರಗಟ್ಟಿಸಿದಾಗ ಅಸ್ಸಾಂ ಒಂದನ್ನು ಬಿಟ್ಟು ಉಳಿದದ್ದೆಲ್ಲ ಬಿಸಿನೀರಂತೆ ಕಾಣುತ್ತೆ. ಸೊರ್ ಅಂತ ಸದ್ದು ಬರುವಂತೆ ಹೀರಿ, ಸಂಕೋಚ ಬೇಡ. ದ್ರವ ಹನಿಹನಿಯಾಗಿ ಚಿಮ್ಮಿ ಅದರ ಆವಿ ಗಂಟಲ ಹಿಂದಿನಿಂದ ಮೂಗಿಗೆ ಏರಿದಾಗಲೇ ಪರಿಮಳದ ಪೂರ್ತಿ ಗುರುತು ಸಿಗೋದು. ಸೋಸಿ ಉಳಿದ ಒದ್ದೆ ಎಲೆಯನ್ನು ಬಿಳಿ ತಟ್ಟೆಗೆ ಹರಡಿ ನೋಡಿ. ಸೆಕೆಂಡ್ ಫ್ಲಶ್‌ನಲ್ಲೂ ಅಸ್ಸಾಂನಲ್ಲೂ ಹೊಸ ತಾಮ್ರದ ಬಣ್ಣ ಇದ್ದರೆ ಎಲೆ ಸರಿಯಾಗಿ ಹದಗೊಂಡಿದೆ. ಅಸ್ಸಾಂ ಎಲೆಯಲ್ಲಿ ಹಸಿರು ತೇಪೆ ಕಂಡರೆ ಆ ಹದ ಸಾಲದು. ಕಪ್ಪಾಗಿ ಸೆಟೆದು, ಬಿಸಿನೀರಲ್ಲೂ ಬಿಚ್ಚಿಕೊಳ್ಳದೆ ಉಳಿದರೆ ಒಣಗಿಸುವಾಗ ಶಾಖ ಮಿತಿಮೀರಿದೆ.

ಫಸ್ಟ್ ಫ್ಲಶ್ ಅಂದರೆ ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗಿನ ಮೊದಲ ಚಿಗುರು. ಬಾಡಿಸುವಾಗಲೇ ಹೆಚ್ಚು ನೀರು ತೆಗೆಯುವುದರಿಂದ ಎಲೆ ಪೂರ್ತಿ ಕೆಂಪಾಗೋದಿಲ್ಲ, ಒದ್ದೆ ಎಲೆ ಹಸಿರೇ ಇರುತ್ತೆ. ಇಲ್ಲಿ ಅದು ದೋಷವಲ್ಲ. ತಿಳಿ ಚಿನ್ನದ ಬಣ್ಣ, ಹೂವಿನ ಪರಿಮಳ, ಹಸಿ ಬಾದಾಮಿಯ ರುಚಿ, ತುದಿಯಲ್ಲಿ ಚುರುಕಾದ ಒಗರು. 88 ಡಿಗ್ರಿ, ಎರಡೂವರೆಯಿಂದ ಮೂರು ನಿಮಿಷ. ಥರ್ಮಾಮೀಟರ್ ಇಲ್ಲದಿದ್ದರೆ ಕುದಿದ ನೀರನ್ನು ಒಮ್ಮೆ ತಣ್ಣನೆ ಸ್ಟೀಲ್ ಪಾತ್ರೆಗೆ ಬಗ್ಗಿಸಿಕೊಂಡರೆ ಹೆಚ್ಚುಕಡಿಮೆ ಅಲ್ಲಿಗೆ ಬರುತ್ತೆ. ನಾಲ್ಕರಲ್ಲಿ ಅತಿ ನಾಜೂಕು ಇದೇ. ಬೋರ್ ನೀರಲ್ಲಿ ಹೂವು ಸತ್ತು ಬೇಯಿಸಿದ ಸೊಪ್ಪಿನ ವಾಸನೆ ಮಾತ್ರ ಉಳಿಯಿತು. ನೀರು ಸರಿಮಾಡಿಕೊಳ್ಳಲು ಮನಸ್ಸಿಲ್ಲದವರು ಇದಕ್ಕೆ ದುಡ್ಡು ಹಾಕಬೇಡಿ.

ಸೆಕೆಂಡ್ ಫ್ಲಶ್ ಬೇರೆಯದೇ ವಸ್ತು. ಮೇ-ಜೂನ್ ಎಲೆ. ಆ ಹೊತ್ತಿಗೆ ತೋಟಕ್ಕೆ ಹಸಿರು ಜಿಗಿಹುಳು ಬಂದು ಎಳೆ ಎಲೆಯ ರಸ ಹೀರುತ್ತೆ. ಕಚ್ಚಿಸಿಕೊಂಡ ಗಿಡ ತನ್ನ ರಕ್ಷಣೆಗೆಂದು ಪರಿಮಳದ ಸಂಯುಕ್ತಗಳನ್ನು ಹೆಚ್ಚು ಮಾಡಿಕೊಳ್ಳುತ್ತೆ. ಮಸ್ಕಟೆಲ್ ಅಂತ ಹೆಸರಾದ ಆ ಒಣದ್ರಾಕ್ಷಿ-ಜೇನಿನ ರುಚಿಯಲ್ಲಿ ಇದರ ಪಾಲು ದೊಡ್ಡದು. ಬೆಳೆಗಾರ ಬೇರೆಡೆ ಔಷಧಿ ಹೊಡೆದು ಓಡಿಸುವ ಹುಳು ಇಲ್ಲಿ ಬೆಲೆ ಏರಿಸುತ್ತೆ. 95 ಡಿಗ್ರಿ, ಮೂರೂವರೆಯಿಂದ ನಾಲ್ಕು ನಿಮಿಷ. ಬಣ್ಣ ಅಂಬರ್. ಬಿಸಿ ಇರುವಾಗ ಮಸ್ಕಟೆಲ್ ಅರ್ಧ ಅಡಗಿರುತ್ತೆ. ಕಪ್ಪು ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ ಅದು ಬಿಚ್ಚಿಕೊಳ್ಳುತ್ತೆ, ಆದ್ದರಿಂದ ಅವಸರ ಬೇಡ. ನಲ್ಲಿ ನೀರಲ್ಲೂ ಮುಕ್ಕಾಲು ಪಾಲು ರುಚಿ ಉಳಿಸಿಕೊಂಡಿತು. ಅದೇ ಎಲೆಗೆ ಎರಡನೇ ಸಲ ನೀರು ಹೊಯ್ದು ಐದು ನಿಮಿಷ ಬಿಟ್ಟರೆ ಇನ್ನೊಂದು ತೆಳು ಕಪ್ಪು ಸಿಗುತ್ತೆ. ಇದಕ್ಕೆ ಹಾಲು ಹಾಕಬೇಡಿ, ದಯವಿಟ್ಟು. ಹಾಲಿನ ಕೇಸಿನ್ ಎಂಬ ಪ್ರೋಟೀನ್ ಪಾಲಿಫಿನಾಲ್‌ಗಳನ್ನು ಕಟ್ಟಿಹಾಕುತ್ತೆ, ಕೊಬ್ಬು ಪರಿಮಳವನ್ನು ಮುಚ್ಚುತ್ತೆ, ಉಳಿಯೋದು ಬಣ್ಣದ ಹಾಲು.

ಅಸ್ಸಾಂ ಬ್ರಹ್ಮಪುತ್ರಾ ಬಯಲಿನ ತಗ್ಗು ನೆಲದ್ದು, ದೊಡ್ಡೆಲೆಯ ಅಸ್ಸಾಮಿಕಾ ತಳಿ, ಪಾಲಿಫಿನಾಲ್ ಹೆಚ್ಚು. ಒಣ ಎಲೆಯಲ್ಲಿ ಚಿನ್ನದ ಬಣ್ಣದ ಮೊಗ್ಗಿನ ಚೂರುಗಳು ಕಾಣಬೇಕು. ಕುದಿನೀರು ನೇರ ಹೊಯ್ದು ನಾಲ್ಕು ನಿಮಿಷ. ಐದಕ್ಕೆ ಹೋದರೆ ಕಹಿ ನಾಲಿಗೆಯ ಬುಡದಲ್ಲಿ ಕೂತುಬಿಡುತ್ತೆ. ಇದರ ಗುರುತಿನ ಮಾಲ್ಟ್ ರುಚಿಯನ್ನು ನಮ್ಮ ಕಡೆಯವರಿಗೆ ಪರಿಚಯ ಮಾಡಿಸಬೇಕಿಲ್ಲ, ಮೊಳಕೆ ರಾಗಿ ಹುರಿಯುವಾಗಿನ ಘಮವೇ ಅದು. ಆರಿದ ಮೇಲೆ ಕಪ್ಪಿನ ಚಹಾ ಮೋಡ ಕಟ್ಟಿದಂತೆ ಕದಡಿದರೆ ಗಾಬರಿಯಾಗಬೇಡಿ: ಕೆಫೀನ್ ಮತ್ತು ಥಿಯಾಫ್ಲೇವಿನ್ ತಣ್ಣಗಾಗುತ್ತ ಸೇರಿಕೊಂಡು ಹಾಗಾಗುತ್ತೆ. ಸತ್ವ ಇರುವ ಎಲೆಯ ಲಕ್ಷಣ ಅದು, ಬಿಸಿ ಮಾಡಿದರೆ ಮತ್ತೆ ತಿಳಿಯಾಗುತ್ತೆ. ಗಡಸು ನೀರಿನಲ್ಲೂ ಮೈ ಬಿಟ್ಟುಕೊಡದ ಎಲೆ ಇದು, ಚುರುಕು ಮಾತ್ರ ಇಳಿಯಿತು. ಬೆಣ್ಣೆ ದೋಸೆ ಜೊತೆಗೆ ಇದನ್ನು ಮೀರಿಸುವುದು ಉಳಿದ ಮೂರರಿಂದ ಆಗಲಿಲ್ಲ. ನಾಲಿಗೆಗೆ ಅಂಟಿದ ಬೆಣ್ಣೆಯನ್ನು ಇದರ ಒಗರು ಒಂದೇ ಗುಟುಕಿಗೆ ತೆಗೆದುಬಿಡುತ್ತೆ. ಹಾಲು ಬೇಕೇ ಬೇಕು ಅನ್ನುವವರು 3.5 ಗ್ರಾಂ ಎಲೆ ಹಾಕಿ, ಸೋಸಿದ ಮೇಲೆ 20 ಮಿಲಿ ಬಿಸಿ ಹಾಲು ಬೆರೆಸಿ. ಎಮ್ಮೆ ಹಾಲಾದರೆ 15 ಸಾಕು.

ನೀಲಗಿರಿಯನ್ನು ಜನ ಬೆಲೆ ಕಡಿಮೆ ಅಂತಲೇ ಕೆಳಗಿಡುತ್ತಾರೆ. ಅದು ಅನ್ಯಾಯ. ಕೂನೂರು, ಕೋತಗಿರಿ, ಊಟಿ ಕಡೆ ವರ್ಷವಿಡೀ ಎಲೆ ಕೊಯ್ಯುತ್ತಾರೆ ನಿಜ. ಆದರೆ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಚಳಿಗೆ ಚಿಗುರು ನಿಧಾನವಾಗಿ ಬರುವಾಗ ಸಿಗುವ ಆರ್ಥೊಡಾಕ್ಸ್ ಎಲೆಯ ಪರಿಮಳವೇ ಬೇರೆ. ನಿಂಬೆ ಸಿಪ್ಪೆ, ಬಿಳಿ ಹೂವು, ಕೊನೆಗೆ ತೆಳು ಸಿಹಿ. ಕುದಿನೀರು, ಮೂರೂವರೆ ನಿಮಿಷ. ಒಂದು ನಿಮಿಷ ಮರೆತರೂ ಕಹಿಗೆ ತಿರುಗಲಿಲ್ಲ. ಹಾಗೆ ಕ್ಷಮಿಸುವ ಗುಣ ಉಳಿದ ಮೂರಕ್ಕೂ ಇಲ್ಲ. ತಣ್ಣಗಾದರೂ ಕನ್ನಡಿಯಂತೆ ತಿಳಿ. ಏಪ್ರಿಲ್-ಮೇ ಧಗೆಗೆ ಒಂದು ಲೀಟರ್ ತಣ್ಣೀರಿಗೆ 10 ಗ್ರಾಂ ಹಾಕಿ ಫ್ರಿಜ್‌ನಲ್ಲಿ 8 ತಾಸು ಇಟ್ಟು ಸೋಸಿ ಕುಡಿಯಿರಿ, ಸಕ್ಕರೆಯ ನೆನಪಾಗೋದಿಲ್ಲ. ಬೋರ್ ನೀರಿನಲ್ಲಿ ಮಾತ್ರ ನಿಂಬೆ ಪರಿಮಳ ಅರ್ಧವಾಯಿತು.

ಶ್ರೀಲಂಕಾದ ಊವಾ ಎಲೆಯನ್ನೂ ಪಕ್ಕದಲ್ಲಿಟ್ಟು ನೋಡಿದ್ದಿದೆ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಒಣ ಗಾಳಿಯ ಕಾಲದ ಎಲೆಯಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಎದ್ದು ಬರುತ್ತೆ. ನೋವಿನ ಮುಲಾಮಿನಲ್ಲಿರುವುದೂ ಅದೇ ರಾಸಾಯನಿಕ. ಇಷ್ಟಪಡುವವರು ಬಹಳ ಇಷ್ಟಪಡುತ್ತಾರೆ, ನಮಗೆ ದಿನಬಳಕೆಗೆ ಹಿಡಿಸಲಿಲ್ಲ.

ಹಾಗಾದರೆ ಯಾವುದು? ಮೊದಲ ಸಲ ಎಲೆ ಚಹಾ ಕೊಳ್ಳುವ ದಾವಣಗೆರೆ, ಚಿತ್ರದುರ್ಗದ ಮನೆಗೆ ನಮ್ಮ ಆಯ್ಕೆ ನೀಲಗಿರಿಯ ಚಳಿಗಾಲದ ಎಲೆ, ನಲ್ಲಿ ನೀರಿನಲ್ಲಿ. ಬೆಳಗಿನ ತಿಂಡಿಗೆ, ಅಥವಾ ಬೋರ್ ನೀರು ಬಿಟ್ಟರೆ ಗತಿಯಿಲ್ಲ ಅನ್ನುವಲ್ಲಿ ಅಸ್ಸಾಂ. ರುಚಿಯೊಂದನ್ನೇ ಎಣಿಸಿದರೆ ಸೆಕೆಂಡ್ ಫ್ಲಶ್ ಎಲ್ಲಕ್ಕಿಂತ ಮೇಲೆ, ಆದರೆ ಟಿಡಿಎಸ್ ಮೀಟರ್ ಕೊಂಡ ಮೇಲೆಯೇ ಅದನ್ನು ಕೊಳ್ಳಿ. ಬೆಲೆಯನ್ನು ಕಪ್ಪಿನ ಲೆಕ್ಕದಲ್ಲಿ ನೋಡಿ: 100 ಗ್ರಾಂಗೆ 40 ಕಪ್ಪು. 800 ರೂಪಾಯಿಯ ಪೊಟ್ಟಣ ಕಪ್ಪಿಗೆ 20 ರೂಪಾಯಿ ಬಿತ್ತು, ಎರಡನೇ ನೀರು ಲೆಕ್ಕಕ್ಕೆ ಹಿಡಿದರೆ 10.

ಪೊಟ್ಟಣದ ಮೇಲಿನ ಎಸ್‌ಎಫ್‌ಟಿಜಿಎಫ್‌ಒಪಿ ಅಂಥ ಉದ್ದನೆ ಅಕ್ಷರಗಳು ಎಲೆಯ ಗಾತ್ರ, ರೂಪ, ಮೊಗ್ಗಿನ ಪ್ರಮಾಣ ಹೇಳುತ್ತವೆಯೇ ಹೊರತು ರುಚಿಗೆ ಹೊಣೆಯಲ್ಲ. ಅದಕ್ಕಿಂತ ತೋಟದ ಹೆಸರು, ಕೊಯ್ಲಿನ ತಿಂಗಳು ನೋಡಿ. ಡಾರ್ಜಿಲಿಂಗ್ ಪೊಟ್ಟಣದಲ್ಲಿ ಡಿಜೆ ಅಂತ ಬರೆದು ಪಕ್ಕದಲ್ಲಿ ಸಂಖ್ಯೆ ಇದ್ದರೆ ಅದು ಆ ತೋಟದ ಆ ವರ್ಷದ ಎಷ್ಟನೇ ಕಂತಿನ ಎಲೆ ಅನ್ನುವ ಲೆಕ್ಕ. ಡಿಜೆ 1 ಅಂದರೆ ಮೊಟ್ಟಮೊದಲನೆಯದು. ಫಸ್ಟ್ ಫ್ಲಶ್‌ನ ತಾಜಾತನ ಆರು ತಿಂಗಳಾಗುವ ಹೊತ್ತಿಗೆ ಇಳಿಯತೊಡಗುತ್ತೆ, 50 ಗ್ರಾಂಗಿಂತ ಹೆಚ್ಚು ತರಿಸಬೇಡಿ. ಉಳಿದವು ಬಿಗಿ ಮುಚ್ಚಳದ ಡಬ್ಬಿಯಲ್ಲಿ ವರ್ಷ ತಡೆಯುತ್ತವೆ. ಡಬ್ಬಿ ಒಲೆ ಪಕ್ಕವೂ ಬೇಡ, ಇಂಗು-ಮಸಾಲೆ ಕಪಾಟೂ ಬೇಡ, ಊದುಬತ್ತಿ ಹಚ್ಚುವ ದೇವರ ಗೂಡಿನ ಹತ್ತಿರವೂ ಬೇಡ. ಒಣ ಎಲೆ ಸುತ್ತಲಿನ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತೆ. ಹಳೇ ಡಬ್ಬಿಯ ತಳದಲ್ಲಿ ಉಳಿದ ಪುಡಿಯ ಮೇಲೆ ಹೊಸ ಎಲೆ ಸುರಿಯಬೇಡಿ. ಆ ಪುಡಿ ಎಲ್ಲಕ್ಕಿಂತ ಮೊದಲು ಬಣ್ಣ ಬಿಟ್ಟು ಹೊಸ ಎಲೆಯ ಕಪ್ಪನ್ನೂ ಕಹಿ ಮಾಡುತ್ತೆ.