ಬೆರಳಿನ ಬಿಸಿ ತೋರಿಸುವ ಯಂತ್ರ: ಮಗನ ಜೊತೆ ಹದಿನಾಲ್ಕು ತಿಂಗಳು

ಮೊದಲು ಸಿಟ್ಟು ಬಂದ ವಿಷಯ ಹೇಳಿಬಿಡುತ್ತೇನೆ. ಮಗು ಸುಮ್ಮನೆ ಕೂತು ಬೆರಳಿನ ಬಿಸಿ ಒಂದು ಡಿಗ್ರಿ ಏರಿತು ಅಂದ ಕೂಡಲೇ ಬೆರಳಿಗೆ ಪಟ್ಟಿ ಸುತ್ತಿ ಬಿಸಿ ಅಳೆಯುವ ಈ ಯಂತ್ರದ ಆ್ಯಪ್ ಡೋಲು ಬಡಿಯುತ್ತದೆ. ಪರದೆ ತುಂಬ ಪಟಾಕಿ. ಹತ್ತು ನಿಮಿಷ ಕಷ್ಟಪಟ್ಟು ಶಾಂತವಾದ ಹುಡುಗ ಮರುಕ್ಷಣ ಸೋಫಾ ಮೇಲೆ ಎದ್ದು ನಿಂತಿರುತ್ತಾನೆ. ನೋಡ್ತಾ ನೋಡ್ತಾ ಅಂಕಿ ಇಳಿಯುತ್ತದೆ. 31.2, 30.8, 30.3. ಇದನ್ನು ಮಾಡಿದವರು ಇಂಥ ಒಂದು ಮಗುವಿನ ಪಕ್ಕ ಒಂದೇ ಒಂದು ಸಂಜೆ ಕೂತಿದ್ದರೆ ಆ ಡೋಲು ಇರುತ್ತಿರಲಿಲ್ಲ.

ನನ್ನ ಮಗನಿಗೆ ಈಗ ಒಂಬತ್ತು ವರ್ಷ. ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಅಂತ ಗೊತ್ತಾಗಿ ಎರಡು ವರ್ಷ ಆಯಿತು. ಬೆಳಿಗ್ಗೆ ಮೀಥೈಲ್‌ಫೆನಿಡೇಟ್ ಮಾತ್ರೆ ಕೊಡುತ್ತೇವೆ, ಸ್ಕೂಲು ಮುಗಿಯುವವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಕಷ್ಟ ಇದ್ದದ್ದು ರಾತ್ರಿ. ಮಲಗಿದ ಮೇಲೂ ಮುಕ್ಕಾಲು ಗಂಟೆ ಗೋಡೆ ಒದೆಯುತ್ತಿದ್ದ. ಹೊರಳಿ ಹೊರಳಿ ಅಳು ಬಂದುಬಿಡುತ್ತಿತ್ತು ಅವನಿಗೆ.

ಒಂದು ಸೆಂಟರ್‌ನವರು ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆಗಳಿಗೆ ತರಬೇತಿ ಕೊಡುತ್ತೇವೆ ಅಂದರು. ಸೆಷನ್‌ಗೆ 1,200 ರೂಪಾಯಿ, ನಲವತ್ತು ಸೆಷನ್. ನಮ್ಮ ಸಂಬಳಕ್ಕೆ 48,000 ದೊಡ್ಡ ಮೊತ್ತ. ಮಗನ ಡಾಕ್ಟರನ್ನು ಕೇಳಿದೆ. ಅಮೆರಿಕದಲ್ಲಿ 7ರಿಂದ 10 ವರ್ಷದ 144 ಮಕ್ಕಳ ಮೇಲೆ ಇದನ್ನು ಪರೀಕ್ಷೆ ಮಾಡಿದ್ದಾರಂತೆ. ಕೆಲವರಿಗೆ ನಿಜವಾದ ತರಬೇತಿ, ಉಳಿದವರಿಗೆ ಹುಸಿ. ಯಾರಿಗೆ ಯಾವುದು ಅಂತ ಮಕ್ಕಳಿಗೂ ಅಪ್ಪ ಅಮ್ಮಂದಿರಿಗೂ ಹೇಳಿರಲಿಲ್ಲ. ಕೊನೆಗೆ ಎರಡೂ ಗುಂಪಿನವರು ಸುಧಾರಿಸಿದ್ದರು, ಆದರೆ ಹೆಚ್ಚು ಕಡಿಮೆ ಒಂದೇ ಸಮ. "ಆ ದುಡ್ಡು ಉಳಿಸಿ. ರಾತ್ರಿಗೆ ಬೇಕಿದ್ದರೆ ಉಸಿರಿನ ಅಭ್ಯಾಸ, ಬೆರಳಿನ ಬಿಸಿ ನೋಡಿಕೊಂಡು ಶಾಂತವಾಗುವುದು ಪ್ರಯತ್ನಿಸಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ" ಅಂದರು. ಹಾಗಾಗಿ 6,500 ಕೊಟ್ಟು ಇದನ್ನು ತರಿಸಿದೆ.

ಪರೀಕ್ಷೆಯ ದಿನ ಕೈ ತಣ್ಣಗಾಗುತ್ತದೆ ಅಲ್ವಾ, ಇದು ಹಿಡಿಯುವುದು ಅದನ್ನೇ. ಮನಸ್ಸು ಬಿಗಿದರೆ ಬೆರಳಿನ ಸಣ್ಣ ರಕ್ತನಾಳಗಳೂ ಬಿಗಿಯುತ್ತವೆ, ರಕ್ತ ಕಡಿಮೆ ಬರುತ್ತದೆ. ನಿರಾಳವಾದರೆ ನಾಳಗಳು ಸಡಿಲವಾಗಿ ಬೆರಳು ಬೆಚ್ಚಗಾಗುತ್ತದೆ. ಅದನ್ನು ಅಂಕಿಯಲ್ಲಿ ತೋರಿಸಿದರೆ ಮಗು ತಾನೇ ದಾರಿ ಹುಡುಕಿಕೊಳ್ಳುತ್ತದೆ ಅನ್ನುವುದು ಲೆಕ್ಕ.

ನನ್ನ ಮಗ ಮೊದಲ ವಾರ ಹುಡುಕಿದ ದಾರಿ ಕಾಫಿ ಲೋಟ. ಲೋಟಕ್ಕೆ ಬೆರಳು ಒತ್ತಿ ಇಪ್ಪತ್ತು ನಕ್ಷತ್ರ ಗಳಿಸಿದ. ಆ್ಯಪ್ ಅದಕ್ಕೂ ಡೋಲು ಬಡಿಯಿತು.

ಆರು ತಿಂಗಳಾದ ಮೇಲೆ ಆ್ಯಪ್ ವರ್ಷಕ್ಕೆ 2,400 ಚಂದಾ ಕೇಳಿತು. ಡಬ್ಬದ ಮೇಲೆ ಎಲ್ಲೂ ಬರೆದಿರಲಿಲ್ಲ ಅದು. ಕಟ್ಟಲಿಲ್ಲ, ಆ್ಯಪ್ ಬೀಗ ಹಾಕಿಕೊಂಡಿತು. ಉಳಿದದ್ದು ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ, ಒಂದು ತಂತಿ, ಒಂದು ಅಂಕಿ. ನಮಗೆ ಒಳ್ಳೆಯದಾದದ್ದು ಅವತ್ತಿನಿಂದ.

ಈಗ ರಾತ್ರಿ ಎಂಟೂವರೆಗೆ ಟ್ಯೂಬ್‌ಲೈಟ್ ಆರಿಸಿ ದೇವರ ಮನೆಯ ಸಣ್ಣ ಬಲ್ಬ್ ಮಾತ್ರ ಬಿಡುತ್ತೇವೆ. ಪಟ್ಟಿಯನ್ನು ನಡುಬೆರಳಿಗೆ ಅವನೇ ಸುತ್ತಿಕೊಳ್ಳಬೇಕು. ಬಿಗಿ ಆದರೆ ರಕ್ತ ನಿಂತು ಅಂಕಿ ಸುಳ್ಳು ಹೇಳುತ್ತದೆ, ಅದು ಅವನಿಗೀಗ ನನಗಿಂತ ಚೆನ್ನಾಗಿ ಗೊತ್ತು. ಮೊದಲು ಎರಡೂ ಕೈಯಲ್ಲಿ ನಿಂಬೆಹಣ್ಣು ಹಿಂಡುವ ಹಾಗೆ ಮುಷ್ಟಿ ಬಿಗಿ, ಆಮೇಲೆ ಸಡಿಲ. ಭುಜ ಕಿವಿಯ ತನಕ, ಆಮೇಲೆ ಸಡಿಲ. ಆಮೇಲೆ ಉಸಿರು, ಒಳಗೆ ನಾಲ್ಕು ಎಣಿಕೆ, ಹೊರಗೆ ಐದು. ಎಣಿಸುವುದು ನಾನಲ್ಲ, ಅಜ್ಜಿ. ಅವರದು ನಿಧಾನ ದನಿ.

ಒಂದು ಸಂಜೆ ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಅವನು ಪಟ್ಟಿಯನ್ನು ಅವರ ಬೆರಳಿಗೆ ಸುತ್ತಿ ನೋಡಿದ. 34.6. ಅವನಿಗೆ ನಂಬಿಕೆಯೇ ಬರಲಿಲ್ಲ. "ಅಜ್ಜಿ, ನೀನು ಏನ್ ಮಾಡ್ತಿದ್ದೀಯ?" "ಏನೂ ಇಲ್ಲ ಕಣೋ, ಕಾಯಿ ಸುಲೀತಿದೀನಿ." ಅವನೂ ಪಕ್ಕ ಕೂತ, ಒಂದು ಹಿಡಿ ಕಾಯಿ ತಗೊಂಡ. ಕಾಲು ಗಂಟೆ ಎದ್ದೇಳಲಿಲ್ಲ. ಆ ಕಾಲು ಗಂಟೆ ನಾನು ಅಡಿಗೆಮನೆ ಬಾಗಿಲಲ್ಲೇ ನಿಂತಿದ್ದೆ. ಒಳಗೆ ಹೋದರೆ ಸದ್ದಾಗುತ್ತದೇನೋ ಅಂತ.

ನಿದ್ದೆ ಈಗ ಹೆಚ್ಚಿನ ದಿನ ಇಪ್ಪತ್ತು ನಿಮಿಷದೊಳಗೆ ಬರುತ್ತದೆ. ಹೋಂವರ್ಕ್ ಹಾಗೇ ಇದೆ, ಪೆನ್ಸಿಲ್ ಕಳೆಯುವುದೂ ಹಾಗೇ ಇದೆ. ಮದುವೆ ಮನೆಗೆ ಹೋಗಿ ಬಂದ ರಾತ್ರಿ ಯಾವ ಅಂಕಿಯೂ ಏರುವುದಿಲ್ಲ, ಆ ದಿನ ಬಲವಂತ ಮಾಡಬೇಡಿ. ಚಳಿಗಾಲದಲ್ಲಿ ಕಿಟಕಿ ಮುಚ್ಚಿ, ಕೋಣೆ ತಣ್ಣಗಿದ್ದರೆ ಬೆರಳೂ ತಣ್ಣಗೇ ಇರುತ್ತದೆ, ಮಗು ಸುಮ್ನೆ ಬೇಜಾರು ಮಾಡಿಕೊಳ್ಳುತ್ತದೆ.

ಪಟ್ಟಿಯ ಅಂಟು ಹನ್ನೊಂದನೇ ತಿಂಗಳಿಗೆ ಹೋಯಿತು, ಮೆಡಿಕಲ್ ಶಾಪಿನ ಕಾಗದದ ಟೇಪು ಸಾಕಾಗುತ್ತದೆ. ಯಂತ್ರಕ್ಕೆ ಐದರಲ್ಲಿ ನಾಲ್ಕು, ಆ್ಯಪ್‌ಗೆ ಸೊನ್ನೆ. ಆ್ಯಪ್ ಇಲ್ಲದೆ ಬರೀ ಅಂಕಿ ತೋರಿಸುವ ಕಡಿಮೆ ಬೆಲೆಯದು ಸಿಕ್ಕರೆ ಅದನ್ನೇ ತಗೊಳ್ಳಿ.

ನಿನ್ನೆ ರಾತ್ರಿ 29.6ರಿಂದ ಶುರುವಾಗಿ 33.1ಕ್ಕೆ ಬಂದ. ಅಜ್ಜಿ 34.4.