ಫೆರೆಟ್ ಊಟ: ಕಿಬಲ್, ಫ್ರೀಜ್-ಡ್ರೈಡ್, ಹಸಿ ಕೋಳಿ – ನನ್ನ ಮತ ಹಸಿ ಕೋಳಿಗೆ

ಮೊದಲೇ ಹೇಳಿಬಿಡುತ್ತೇನೆ: ಮೂಳೆ ಸಮೇತ ಕತ್ತರಿಸಿದ ಹಸಿ ಕೋಳಿಗಿಂತ ಒಳ್ಳೆಯ ದಿನನಿತ್ಯದ ಊಟ ಫೆರೆಟ್ ಎಂಬ ಉದ್ದ ಮೈಯ ಪುಟ್ಟ ಸಾಕುಪ್ರಾಣಿಗೆ ಇನ್ನೊಂದಿಲ್ಲ. ಅಮೆರಿಕದ ಅಂಗಡಿಗಳಲ್ಲಿ ಸಿಗುವ ಕಿಬಲ್ (ಕಾಳಿನಂಥ ಒಣ ಆಹಾರ), ಫ್ರೀಜ್-ಡ್ರೈಡ್ ಮಾಂಸ, ಇಡೀ ಇಲಿ, ಕೋಳಿಮರಿ ಎಲ್ಲವನ್ನೂ ನಮ್ಮ ಎರಡು ಫೆರೆಟ್‌ಗಳಿಗೆ ಹಾಕಿ ನೋಡಿದ ಮೇಲಿನ ಮಾತು ಇದು.

ಫೆರೆಟ್ ನಮ್ಮ ಹೊಳೆಗಳ ನೀರುನಾಯಿಯ ಕುಟುಂಬಕ್ಕೆ ಸೇರಿದ ಅಪ್ಪಟ ಮಾಂಸಾಹಾರಿ. ತಿಂದದ್ದು ಮೂರು-ನಾಲ್ಕು ಗಂಟೆಯಲ್ಲಿ ಹೊರಬೀಳುತ್ತದೆ. ನಾರನ್ನು ಹುದುಗಿಸಿ ಅರಗಿಸುವ ಸೀಕಮ್ ಅದರ ಕರುಳಿನಲ್ಲಿ ಇಲ್ಲವೇ ಇಲ್ಲ. ಊರಿನಲ್ಲಿ ನಾಯಿ-ಬೆಕ್ಕಿಗೆ ಹಾಕುವ ಹಾಲು-ಅನ್ನ, ಮೊಸರನ್ನ ಇದಕ್ಕೆ ಊಟವಲ್ಲ, ಭೇದಿಗೆ ದಾರಿ. ಹಿಂದೆ ಇಂಗ್ಲೆಂಡಿನಲ್ಲಿ ಮೊಲದ ಬೇಟೆಗೆ ಫೆರೆಟ್ ಸಾಕುತ್ತಿದ್ದವರು ಹಾಲಿನಲ್ಲಿ ನೆನೆಸಿದ ಬ್ರೆಡ್ ಹಾಕುತ್ತಿದ್ದರು. ಆ ಪದ್ಧತಿಯನ್ನು ಅಲ್ಲಿಯವರೇ ಬಿಟ್ಟಾಗಿದೆ.

ಕಿಬಲ್‌ನ ದೊಡ್ಡ ಅನುಕೂಲವೆಂದರೆ ಬಟ್ಟಲಿನಲ್ಲಿ ದಿನವಿಡೀ ಇಡಬಹುದು. ಫೆರೆಟ್ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಎಂಟು-ಹತ್ತು ಸಲ ತಿನ್ನುವ ಪ್ರಾಣಿಯಾದ್ದರಿಂದ ಇದು ಸಣ್ಣ ವಿಷಯವಲ್ಲ. ಆದರೆ ಚೀಲದ ಮೇಲಿನ ಫೆರೆಟ್ ಚಿತ್ರವನ್ನು ನಂಬಬೇಡಿ, ಹಿಂಬದಿಯ ಅಂಕಿಗಳನ್ನು ಕೂಡಿ. ಪ್ರೋಟೀನ್ 36, ಕೊಬ್ಬು 18, ತೇವ 10, ನಾರು 3 ಎಂದಿದ್ದರೆ, ಬೂದಿಯ ಅಂಶ (ಖನಿಜಗಳು) ಸುಮಾರು 7 ಎಂದು ಸೇರಿಸಿ. ಒಟ್ಟು 74. ನೂರಕ್ಕೆ ಉಳಿದ 26 ಬರೀ ಪಿಷ್ಟ. ಪಿಷ್ಟವಿಲ್ಲದೆ ಕಿಬಲ್‌ನ ಕಾಳು ಗಟ್ಟಿಯಾಗಿ ನಿಲ್ಲುವುದಿಲ್ಲ, ಹಾಗಾಗಿ ಸೊನ್ನೆ ಸಿಗುವುದಿಲ್ಲ. ನಡುವಯಸ್ಸಿನ ಫೆರೆಟ್‌ಗಳನ್ನು ಕಾಡುವ ಇನ್ಸುಲಿನೋಮಾ ಎಂಬ, ರಕ್ತದ ಸಕ್ಕರೆ ಇಳಿಸುವ ಮೇದೋಜೀರಕ ಗ್ರಂಥಿಯ ಗೆಡ್ಡೆಗೂ ಈ ಪಿಷ್ಟಕ್ಕೂ ನಂಟಿದೆ ಎಂಬುದು ವೆಟ್‌ಗಳ ಬಲವಾದ ಅನುಮಾನ. ಸಾಬೀತಾಗಿಲ್ಲ ನಿಜ, ಆದರೆ ನನಗೆ ಆ ಅನುಮಾನವೇ ಸಾಕು. 'ಗ್ರೇನ್-ಫ್ರೀ' ಎಂದು ಬರೆದ ಚೀಲದಲ್ಲಿ ಧಾನ್ಯದ ಬದಲು ಬಟಾಣಿ, ಬೇಳೆ ತುಂಬಿರುತ್ತದೆ. ಮೂತ್ರಕೋಶದಲ್ಲಿ ಸಿಸ್ಟೀನ್ ಕಲ್ಲುಗಳು ಹೆಚ್ಚುತ್ತಿರುವುದಕ್ಕೂ ಇಂಥ ಆಹಾರಕ್ಕೂ ನಂಟಿರಬಹುದು ಎಂದು ಶಂಕಿಸಲಾಗುತ್ತಿದೆ. ಪದಾರ್ಥಗಳ ಪಟ್ಟಿಯ ಮೊದಲ ಐದರಲ್ಲಿ ಬಟಾಣಿ ಕಂಡರೆ ನಾನು ಚೀಲ ಕೆಳಗಿಡುತ್ತೇನೆ. ಕಿಬಲ್ ತಿನ್ನುವ ಹಲ್ಲುಗಳ ಮೇಲೆ ಕಂದು ಪಾಚಿ ಕಟ್ಟುವುದು ಬೇರೆ.

ಫ್ರೀಜ್-ಡ್ರೈಡ್ ಚೆನ್ನಾಗಿಯೇ ಇದೆ, ಜೇಬಿಗೆ ಭಾರ. ನೀರು ಹಾರಿಸಿದ ಹಸಿ ಮಾಂಸವೇ ಅದು. 30 ಗ್ರಾಂಗೆ 70 ಗ್ರಾಂ ಬಿಸಿಯಲ್ಲದ ಬೆಚ್ಚನೆ ನೀರು ಹಾಕಿ ಹತ್ತು ನಿಮಿಷ ಬಿಟ್ಟರೆ 100 ಗ್ರಾಂ ಊಟ. ಒಣಗಿದ್ದನ್ನೇ ಕೊಡಬೇಡಿ, ಫೆರೆಟ್ ಅಷ್ಟು ನೀರನ್ನು ಆಮೇಲೆ ಕುಡಿಯುವುದಿಲ್ಲ. ಎರಡು ಫೆರೆಟ್ ಸೇರಿ ಎರಡು ಕಿಲೋ ತೂಗಿದರೆ 397 ಗ್ರಾಂನ ಚೀಲ ಸುಮಾರು ಒಂದು ವಾರವಷ್ಟೇ ಬರುತ್ತದೆ. ಎಲ್ಲಾ ಅರೆದದ್ದಾದ್ದರಿಂದ ಹಲ್ಲಿಗೆ ಕೆಲಸವೂ ಇಲ್ಲ.

ಇಡೀ ಇಲಿ, ಮರಿಗಳ ಬಗ್ಗೆ ಒಂದೇ ಮಾತು: ಪೌಷ್ಟಿಕತೆಯಲ್ಲಿ ಇಲಿಯನ್ನು ಯಾವುದೂ ಮೀರಿಸುವುದಿಲ್ಲ, ಒಂದು ದಿನದ ಕೋಳಿಮರಿಯಲ್ಲಿ ಮಾತ್ರ ಸುಣ್ಣದಂಶ ಕಡಿಮೆ, ಅದೊಂದನ್ನೇ ನಂಬಬಾರದು.

ಇನ್ನು ಹಸಿ ಕೋಳಿ. ಬೆಳೆದ ಫೆರೆಟ್‌ಗೆ ದಿನಕ್ಕೆ ಅದರ ತೂಕದ ಶೇ. 8ರಿಂದ 10. ಒಂದು ಕಿಲೋದ ಹದ ಹೀಗೆ: ರೆಕ್ಕೆ 220 ಗ್ರಾಂ, ಗುಂಡಿಗೆ 150, ಲಿವರ್ 50, ಕಿಡ್ನಿ 50, ಉಳಿದ 530 ಗ್ರಾಂ ತೊಡೆಯ ಮಾಂಸ. ಕಿಡ್ನಿ ಹಂದಿಯದ್ದೋ ದನದ್ದೋ ಆದೀತು. ರೆಕ್ಕೆಯಲ್ಲಿ ಹತ್ತಿರಹತ್ತಿರ ಅರ್ಧ ಮೂಳೆ, ಹಾಗಾಗಿ ಒಟ್ಟಿನಲ್ಲಿ ಮೂಳೆ ಶೇ. 10ಕ್ಕೆ ಬರುತ್ತದೆ. ಗುಂಡಿಗೆ ಟಾರಿನ್ ಎಂಬ ಪೋಷಕಾಂಶಕ್ಕಾಗಿ. ಲಿವರ್ ಇಷ್ಟಪಟ್ಟು ತಿನ್ನುತ್ತದೆಂದು ಹೆಚ್ಚಿಸಿದರೆ ವಿಟಮಿನ್ ಎ ವಿಷವಾಗುತ್ತದೆ. ಹದ ತಪ್ಪಿದರೆ ಹಿಕ್ಕೆಯೇ ಹೇಳುತ್ತದೆ: ಬಿಳಿಚಿ ಪುಡಿಪುಡಿಯಾದರೆ ಮೂಳೆ ಜಾಸ್ತಿ, ಕಪ್ಪಾಗಿ ಜಾರುವಂತಿದ್ದರೆ ಲಿವರ್ ಜಾಸ್ತಿ ಅಥವಾ ಮೂಳೆ ಕಡಿಮೆ. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ, ಅದನ್ನು ಎಂದೂ ಕೊಡಬಾರದು.

ಈಗ ತಲೆನೋವಿಗೆ ಬರೋಣ. ಹಸಿ ಮಾಂಸ ಬೇಡವೆಂದು ಬಿಡುವವರಲ್ಲಿ ಹಲವರು ಬಿಡುವುದು ಇದೊಂದಕ್ಕೇ. ಫೆರೆಟ್ ಊಟ ಬಚ್ಚಿಡುತ್ತದೆ. ಎರಡು ತುತ್ತು ತಿಂದು ಮೂರನೆಯದನ್ನು ಕಚ್ಚಿಕೊಂಡು ಸೋಫಾ ಅಡಿಗೆ, ಫ್ರಿಜ್ಜಿನ ಹಿಂದಕ್ಕೆ, ತನ್ನ ಹಾಸಿಗೆಯ ಮಡಿಕೆಗೆ ಒಯ್ಯುತ್ತದೆ. ಕಿಬಲ್ ಆದರೆ ಗುಡಿಸಿದರಾಯಿತು. ಕೋಳಿ ತುಂಡಾದರೆ ಹೀಟರ್ ಉರಿಯುವ ಚಳಿಗಾಲದ ಮನೆಯಲ್ಲಿ ಮರುದಿನಕ್ಕೇ ವಾಸನೆ, ಜೊತೆಗೆ ಸಾಲ್ಮೊನೆಲ್ಲಾ ಭಯ. ಬೈದರೆ, ಕಸಿದರೆ ಇನ್ನೂ ಆಳಕ್ಕೆ ಬಚ್ಚಿಡುವುದನ್ನು ಕಲಿಯುತ್ತದೆ.

ದಾರಿ ಇದೆ. ಊಟದ ಜಾಗ ಮುಚ್ಚಿದ್ದಿರಬೇಕು: ನಾಯಿಯ ಕ್ರೇಟ್, ಒಳಗೆ ಒರೆಸಬಹುದಾದ ನೆಲ, ಬಟ್ಟೆಯ ಚೂರೂ ಇರಕೂಡದು. ಹಾಸಿಗೆಯಿದ್ದ ಕಡೆ ಬಚ್ಚಿಡುವುದು ಖಚಿತ. ತುಂಡು ಒಂದೋ ಅಲ್ಲೇ ನುಂಗುವಷ್ಟು, ಅಂದರೆ ಒಂದು ಸೆಂಟಿಮೀಟರ್ ಇರಲಿ, ಇಲ್ಲವೇ ಎಳೆಯಲಾಗದಷ್ಟು ದೊಡ್ಡದಿರಲಿ. ನಡುಗಾತ್ರದ್ದೇ ಸೋಫಾ ಅಡಿ ಸೇರುವುದು. ರೆಕ್ಕೆಯನ್ನು ಕ್ರೇಟಿನ ಸರಳಿಗೆ ಕ್ಲಿಪ್ಪಿನಿಂದ ಕಚ್ಚಿಸಿಟ್ಟರೆ ಕೂತಲ್ಲೇ ಅಗಿಯುತ್ತದೆ. ಅರ್ಧ ಗಂಟೆ ಬಿಟ್ಟು, ಹೊರಗೆ ಬಿಡುವ ಮೊದಲು ಬಾಯಿ ನೋಡಿ. ಉಳಿದದ್ದನ್ನು ತೂಗಿ ಎಸೆದರೆ ಎಷ್ಟು ತಿಂದಿತೆಂದೂ ಗೊತ್ತಾಗುತ್ತದೆ.

ಹೀಗೆ ದಿನಕ್ಕೆ ಮೂರು ಹೊತ್ತು. ಕೆಲವೇ ಗಂಟೆ ಹೊರಗೆ ಹೋಗುವಾಗ ಹೆಪ್ಪುಗಟ್ಟಿದ ಮಾಂಸದ ಗಟ್ಟಿಯೊಂದನ್ನು ಭಾರದ ಪಿಂಗಾಣಿ ಬಟ್ಟಲಿನಲ್ಲಿ ಕ್ರೇಟಿನೊಳಗೆ ಇಡಿ. ನಿಧಾನವಾಗಿ ಕರಗುತ್ತದೆ, ನೆಕ್ಕುತ್ತಾ ತಿನ್ನುತ್ತದೆ. ಪೂರ್ತಿ ಕರಗಿದ ಕೋಳಿಗೆ ಹೊರಗೆ ಎರಡು ಗಂಟೆಯೇ ಗಡುವು, ಆಮೇಲೂ ಉಳಿದಿದ್ದರೆ ಕಸದ ಬುಟ್ಟಿಗೆ.

ಕಿಬಲ್‌ನಿಂದ ಹಸಿಗೆ ಬದಲಿಸುವಾಗ ಅವಸರ ಬೇಡ. ಹುಟ್ಟಿದ ಆರು ತಿಂಗಳೊಳಗೆ ಮೂಗಿಗೆ ಹತ್ತಿದ ವಾಸನೆಯನ್ನಷ್ಟೇ ಫೆರೆಟ್ ಊಟವೆಂದು ಒಪ್ಪುತ್ತದೆ. ಕಿಬಲ್ ನೆನೆಸಿ ಗಂಜಿ ಮಾಡಿ, ಅರೆದ ಕೋಳಿ ಒಂದು ಚಮಚ ಬೆರೆಸಿ, ತುಟಿಗೆ ಸವರಿ. ವಾರ ವಾರ ಕೋಳಿಯ ಪಾಲು ಏರಿಸಿ, ಆಮೇಲೆ ಚೂರು, ಕೊನೆಗೆ ಮೂಳೆ. ಹಸಿದರೆ ತಾನೇ ತಿನ್ನುತ್ತದೆ ಎಂದು ಉಪವಾಸ ಕೆಡವಬೇಡಿ. ಇನ್ಸುಲಿನೋಮಾ ಇರುವ ಫೆರೆಟ್ ಸಕ್ಕರೆ ಇಳಿದು ಕುಸಿಯುತ್ತದೆ.

ಒಂದು ಅಪಾಯವನ್ನು ಮುಚ್ಚಿಡಲಾರೆ. 2024ರ ಡಿಸೆಂಬರ್‌ನಲ್ಲಿ ಒರೆಗಾನ್‌ನಲ್ಲಿ ಹಕ್ಕಿಜ್ವರದ ವೈರಸ್ ಇದ್ದ ಪ್ಯಾಕೆಟ್ ಹಸಿ ಟರ್ಕಿ ಕೋಳಿ ತಿಂದ ಮನೆಬೆಕ್ಕು ಸತ್ತಿತು, ಆ ಉತ್ಪನ್ನವನ್ನು ವಾಪಸ್ ಪಡೆದರು. ಫ್ಲೂ ಸಂಶೋಧನೆಗೆ ಫೆರೆಟ್‌ಗಳನ್ನೇ ಬಳಸುವಷ್ಟು ಅವಕ್ಕೆ ಫ್ಲೂ ಬೇಗ ತಗಲುತ್ತದೆ. ಫ್ರೀಜರ್‌ನ ಚಳಿಗೆ ಈ ವೈರಸ್ ಸಾಯುವುದಿಲ್ಲ, ಕಾವಿಗೆ ಸಾಯುತ್ತದೆ. ಹಕ್ಕಿಜ್ವರದ ಸುದ್ದಿ ಇರುವಾಗ ನಾನು ಮೂಳೆ ತೆಗೆದು ಬೇಯಿಸಿ, ಕಿಲೋ ಮಾಂಸಕ್ಕೆ 6 ಗ್ರಾಂ ನುಣ್ಣಗೆ ಪುಡಿಮಾಡಿದ ಮೊಟ್ಟೆಚಿಪ್ಪು ಬೆರೆಸುತ್ತೇನೆ. ಬೇಯುವಾಗ ಟಾರಿನ್ ರಸಕ್ಕೆ ಇಳಿಯುವುದರಿಂದ ಆ ರಸವನ್ನೂ ಊಟಕ್ಕೇ ಬೆರೆಸಬೇಕು.

ಅಡುಗೆಮನೆಗೆ ಮಾಂಸ ಬಾರದ ಮನೆಗಳು ನಮ್ಮವರಲ್ಲಿ ಬಹಳ. ಗ್ಯಾರೇಜಿನಲ್ಲಿ ಚಿಕ್ಕ ಫ್ರೀಜರ್, ಬೇರೆ ಹಲಗೆ, ಬೇರೆ ಚಾಕು, ಭಾನುವಾರ ಒಂದೂವರೆ ಗಂಟೆ ಕೊಡಲು ಮನಸ್ಸಿದ್ದರೆ ಹಸಿ ಕೋಳಿಯೇ ಸರಿ. ಮುಟ್ಟುವುದೇ ಆಗದು ಎಂದಾದರೆ ದುಬಾರಿಯಾದರೂ ಫ್ರೀಜ್-ಡ್ರೈಡ್. ಹಣವೂ ಬಿಗಿ ಎಂದಾದರೆ ಪಿಷ್ಟ 20 ದಾಟದ, ಬಟಾಣಿ ಇಲ್ಲದ ಕಿಬಲ್, ವಾರಕ್ಕೆರಡು ಮೊಟ್ಟೆಯ ಹಳದಿ ಜೊತೆಗೆ.

ಹಸಿ ತಿನ್ನುವ ಫೆರೆಟ್‌ಗೂ ವಾರಕ್ಕೊಮ್ಮೆ ಒಂದು ಹಿಡಿ ಕಿಬಲ್ ಕೊಡುತ್ತಿರಿ. ತಿಂಗಳಿಗೆಂದು ಊರಿಗೆ ಹೊರಟಾಗ ನೋಡಿಕೊಳ್ಳುವವರು ರೆಕ್ಕೆ ಕತ್ತರಿಸುವುದಿಲ್ಲ, ಬಟ್ಟಲು ತುಂಬಿಸುತ್ತಾರೆ ಅಷ್ಟೇ. ಕಿಬಲ್‌ನ ವಾಸನೆ ಮರೆತ ಫೆರೆಟ್ ಅದನ್ನು ಮೂಸಿಯೂ ನೋಡುವುದಿಲ್ಲ.